ನೀರು ಹಾಕುವ ಹೊತ್ತು

ಚಹಾದ ಕಪ್ಪು ಹಿಡಿದುಕೊಂಡು ಹಿತ್ತಲ ಮೆಟ್ಟಿಲ ಮೇಲೆ ಕೂತಾಗಲೇ ವಿಜಯಶ್ರೀಗೆ ಗೊತ್ತಿತ್ತು, ಇದು ತಳ ಕಾಣುವ ಚಹಾ ಅಲ್ಲ ಎಂದು. ಎರಡು ಗುಟುಕು ಇಳಿಯುವಷ್ಟರಲ್ಲಿ ಒಳಗಿನಿಂದ ಮಗಳು ತನ್ವಿ ಕೂಗಿದಳು, "ಅಮ್ಮಾ, ವೇರ್ ಈಸ್ ಮೈ ಚಾರ್ಜರ್?" ಎದ್ದು ಹೋಗಿ ತೋರಿಸಿ ಬಂದಳು. ಮತ್ತೆ ಕೂತಳು. ಈ ಸಲ ಅತ್ತೆ ಗುರುಬಸವ್ವ. "ವಿಜೂ, ಸುಮ್ನ ಕುಂತೀಯಲ್ಲ, ಹಂಗಾದ್ರ ನನ್ನ ಮೊಣಕಾಲಿನ ಎಣ್ಣಿ ಎಲ್ಲೈತಿ ನೋಡವಾ." ನೋಡಿ, ಕೊಟ್ಟು ಬಂದಳು. ಮೂರನೆಯ ಸಲ ಗಂಡ ಶಶಿಧರ. ಅವನೇನೂ ಕೆಲಸ ಹೇಳಲಿಲ್ಲ. ಬಾಗಿಲಲ್ಲಿ ನಿಂತು, "ಹಾಲು ತೀರೇತಿ ಅನಸ್ತೈತಿ" ಎಂದ, ಅಷ್ಟೇ. ಶಶಿಧರ ಎಂದೂ ಕೆಲಸ ಹೇಳುವವನಲ್ಲ. ಸುದ್ದಿ ಹೇಳುತ್ತಾನೆ.

ಆರಿದ ಚಹಾವನ್ನು ಮೆಟ್ಟಿಲ ಪಕ್ಕದ ಮಣ್ಣಿಗೆ ಚೆಲ್ಲಿದಳು. ಕಳೆದ ಚಳಿಗಾಲದಲ್ಲಷ್ಟೇ ಇವರಿಗೆ ಮನೆ ಮಾರಿ ಹೋದವರು ಅಲ್ಲೊಂದು ಉದ್ದನೆಯ ಮರದ ಪೆಟ್ಟಿಗೆ ಬಿಟ್ಟುಹೋಗಿದ್ದರು. ಒಳಗೆ ಮಣ್ಣು, ಮಣ್ಣಿನ ತುಂಬ ಒಣಹುಲ್ಲು. ಸಿಟ್ಟಿಗೆ ಕೈಗೆ ಏನಾದರೂ ಬೇಕಿತ್ತು. ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತಳು. ಕಿತ್ತದ್ದು ಬೇರು ಸಮೇತ ಬಂತು, ಹಿತವೆನಿಸಿತು. ಇನ್ನೊಂದು ಹಿಡಿ ಕಿತ್ತಳು. ಆಗ ಒಳಗೆ ತನ್ವಿ ಮತ್ತೆ ಕೂಗಿದ್ದು ಕೇಳಿಸಿತು. ಅದರ ಹಿಂದೆಯೇ ಶಶಿಧರನ ದನಿ.

"ಅಮ್ಮನ್ನ ಕರೀಬ್ಯಾಡ. ಏನೋ ಕೆಲಸದಾಗ ಇದ್ದಾಳ. ಏನ್ ಬೇಕು ಹೇಳು, ನಾ ಕೊಡ್ತೀನಿ."

ವಿಜಯಶ್ರೀಯ ಕೈ ಹುಲ್ಲಿನ ಮೇಲೇ ನಿಂತಿತು. ಮದುವೆಯಾಗಿ ಹನ್ನೆರಡು ವರ್ಷ, ಈ ಮಾತನ್ನು ಆಕೆ ಎಂದೂ ಕೇಳಿರಲಿಲ್ಲ. ಅಡುಗೆಮನೆಯಲ್ಲಿ ನಿಂತಾಗ ಇರಲಿ, ಮನೆಯಿಂದಲೇ ಆಫೀಸಿನ ಮೀಟಿಂಗಿಗೆ ಕೂತಾಗಲೂ ಯಾರೂ ಆಕೆ ಕೆಲಸದಲ್ಲಿದ್ದಾಳೆ ಅಂದದ್ದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮಾತಾಡುತ್ತಿರುವಾಗಲೇ ಬಾಗಿಲು ತೆರೆದು ಉಪ್ಪಿನಕಾಯಿ ಬಾಟಲಿ ಮುಂದೆ ಹಿಡಿದು, ಮುಚ್ಚಳ ತೆಗೆದುಕೊಡು ಎಂದು ಸನ್ನೆ ಮಾಡುತ್ತಿದ್ದರು. ಇಲ್ಲಿ, ಕೈಗೆ ಮಣ್ಣಾದದ್ದೇ ತಡ, ಆಕೆ ಕೆಲಸದಲ್ಲಿದ್ದಾಳೆ!

ಆವತ್ತು ಪೆಟ್ಟಿಗೆಯ ಹುಲ್ಲನ್ನೆಲ್ಲ ಕಿತ್ತು ಮುಗಿಸಿಯೇ ಒಳಗೆ ಹೋದದ್ದು. ಕೈ ತೊಳೆಯುತ್ತ ಘೋಷಿಸಿದಳು: "ನಾನು ತರಕಾರಿ ಬೆಳೀತೀನಿ."

ಮನೆಗೆ ಮನೆಯೇ ಖುಷಿಪಟ್ಟಿತು. ಶಶಿಧರ ಆರ್ಗ್ಯಾನಿಕ್ ಅಂದ. ತನ್ವಿ ಸ್ಟ್ರಾಬೆರಿ ಅಂದಳು. ಆರು ತಿಂಗಳಿಗೆಂದು ಹುಬ್ಬಳ್ಳಿಯಿಂದ ಬಂದಿದ್ದ ಗುರುಬಸವ್ವ ಸೊಸೆಯ ಮುಖವನ್ನೇ ನೋಡಿ, "ಮಣ್ಣೆತ್ತಿನ ಅಮಾಸಿ ಬಿಟ್ರ ನೀ ಮಣ್ಣು ಮುಟ್ಟಿದಾಕಿ ಅಲ್ಲ" ಅಂದರು. ಅದು ನಿಜ. ವಿಜಯಶ್ರೀ ಬೆಳೆದದ್ದು ಹುಬ್ಬಳ್ಳಿಯ ಮೂರನೆಯ ಮಹಡಿಯ ಮನೆಯಲ್ಲಿ. ಮಣ್ಣೆತ್ತನ್ನೂ ಅಪ್ಪ ಪೇಟೆಯಿಂದ ಕೊಂಡೇ ತರುತ್ತಿದ್ದರು. ಈಗ ಅಮೆರಿಕದ ಫಾಸ್ಟರ್ ಸಿಟಿಯ ಒಂದು ಕಂಪನಿಯಲ್ಲಿ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಆಕೆಯ ಉದ್ಯೋಗ. ಬೀಜ ಯಾವ ಕಡೆ ಮೇಲಾಗಿರಬೇಕು ಎಂಬುದೂ ತಿಳಿಯದು. ಆದರೆ ಆಕೆಗೆ ಬೇಕಾಗಿದ್ದದ್ದು ತರಕಾರಿ ಅಲ್ಲವಲ್ಲ. ಬೇಕಾಗಿದ್ದದ್ದು ಆ ಪೆಟ್ಟಿಗೆಯ ಮುಂದೆ ನಿಲ್ಲುವ ಅರ್ಧ ಗಂಟೆ.

"ಸುಮ್ಮನೆ" ಎಂಬ ಮಾತಿನ ಬಗ್ಗೆ ವಿಜಯಶ್ರೀ ಆ ದಿನಗಳಲ್ಲಿ ಬಹಳ ಯೋಚಿಸಿದಳು. ಶಶಿಧರ ಸೋಫಾದ ಮೇಲೆ ಕಾಲು ಚಾಚಿ ಫೋನು ನೋಡುತ್ತ ಕೂತರೆ ಅವನು ಸುಮ್ಮನೆ ಕೂತಿರುವುದಿಲ್ಲ, ದಣಿವು ಆರಿಸಿಕೊಳ್ಳುತ್ತಿರುತ್ತಾನೆ. ತನ್ವಿ ಕೂತರೆ ಆಡುತ್ತಿರುತ್ತಾಳೆ. ಅತ್ತೆ ಕೂತರೆ ವಯಸ್ಸಾಗಿದೆ. ಸುಮ್ಮನೆ ಕೂತಿರುವವಳು ಈ ಮನೆಯಲ್ಲಿ ಒಬ್ಬಳೇ. ಆಕೆಯ ಸುಮ್ಮನೆಯ ಬೆನ್ನಿಗೇ ಒಂದು "ಹಂಗಾದ್ರ" ಬರುತ್ತದೆ. ಸುಮ್ನ ಕುಂತೀಯಲ್ಲ, ಹಂಗಾದ್ರ ಆ ಬಟ್ಟಿ ಮಡಚು. ಸುಮ್ನ ಇದ್ದೀಯಲ್ಲ, ಹಂಗಾದ್ರ ಆ ಡೆಂಟಿಸ್ಟಿಗೆ ಒಂದು ಫೋನ್ ಮಾಡು. ಯಾರದೂ ಜುಲುಮೆಯಿಲ್ಲ, ಎಲ್ಲ ಪ್ರೀತಿಯಿಂದಲೇ.

ದಕ್ಷಿಣಕ್ಕೆ ಒಂದು ಗಂಟೆ ದೂರದ ಗಿಲ್‌ರಾಯ್‌ನಲ್ಲಿ ದೀಪಾಲಿ ಇದ್ದಳು. ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಗೆಳತಿ, ಈಗ ದೊಡ್ಡ ಹಿತ್ತಲಿನ ಒಡತಿ. ಮೇ ತಿಂಗಳ ಒಂದು ಶನಿವಾರ ಮನೆಯವರನ್ನೆಲ್ಲ ಕಾರಿನಲ್ಲಿ ತುಂಬಿಕೊಂಡು ವಿಜಯಶ್ರೀ ಅಲ್ಲಿಗೆ ಹೋದಳು. ಅಲ್ಲಿ ನೆತ್ತಿ ಸುಡುವ ಬಿಸಿಲು. ದೀಪಾಲಿಯ ಗಿಡಗಳು ನೋಡನೋಡುತ್ತಿದ್ದಂತೆ ಬೆಳೆಯುತ್ತಿರುವ ಹಾಗೆ ಕಾಣುತ್ತಿದ್ದವು.

"ಬದನಿ, ಬೆಂಡಿ, ಮೆಣಸಿನಕಾಯಿ. ಮೂರೂ ಒಯ್ಯಿ" ಎಂದು ದೀಪಾಲಿ ಸಸಿಗಳನ್ನು ಟ್ರಂಕಿನಲ್ಲಿ ಜೋಡಿಸಿದಳು. "ಬೇಸಿಗಿ ಬಂತಂದ್ರ ಅವಕ್ಕ ಬ್ಯಾರೆ ಏನೂ ಬ್ಯಾಡ. ಜುಲೈದಾಗ ಎಣ್ಣೆಗಾಯಿ ಮಾಡು, ನನ್ನ ಹೆಸರು ಹೇಳಿ ತಿನ್ನು."

ಬೇಸಿಗೆ ಎಂಬ ಮಾತನ್ನು ನಂಬಿದ್ದೇ ತಪ್ಪಾಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿದವರಿಗೆ ಬೇಸಿಗೆಯೆಂದರೆ ಸೆಕೆ ಎಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ, ಹಾಗಾಗಿ ಯಾರೂ ಪ್ರಶ್ನಿಸಲೂ ಇಲ್ಲ. ವಿಜಯಶ್ರೀಯ ಮನೆ ಇದ್ದದ್ದು ಸ್ಯಾನ್ ಮಟಿಯೋದ ಪಶ್ಚಿಮದ ಗುಡ್ಡದ ಮೇಲೆ, ಸಮುದ್ರದ ಕಡೆಯ ಗಾಳಿ ನೇರ ಬಂದು ಬಡಿಯುವ ಕಡೆ. ಜೂನು ಶುರುವಾದದ್ದೇ ತಡ, ದಿನಾ ಸಂಜೆ ಮಂಜು ಗುಡ್ಡದ ನೆತ್ತಿಯನ್ನು ದಾಟಿ ಈಚೆ ಇಳಿಯತೊಡಗಿತು. ಪಾತ್ರೆಯ ಅಂಚು ಮೀರಿ ಹಾಲು ಉಕ್ಕಿದಂತೆ, ಗ್ಯಾಸು ಆರಿಸುವವರೇ ಇಲ್ಲವೇನೋ ಎಂಬಂತೆ. ರಾತ್ರಿಯೆಲ್ಲ ನಿಂತು ಬೆಳಿಗ್ಗೆಯೂ ಹೋಗುತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಹೀಟರು ಹಾಕಿಕೊಂಡು ಕೂತ ಗುರುಬಸವ್ವ, "ಇದನ್ನ ಸಮ್ಮರ್ ಅಂತೀರಲ್ಲ, ನಿಮಗ ನಾಚಿಕಿ ಇಲ್ಲೇನು?" ಎಂದು ಇಡೀ ಅಮೆರಿಕವನ್ನೇ ಕೇಳಿದರು.

ಬದನೆಯ ಎಲೆ ನೇರಳೆಗಟ್ಟಿ ಮುದುಡಿತು. ಬೆಂಡೆ ಬಂದ ದಿನ ಎಷ್ಟು ಇತ್ತೋ ಅಷ್ಟೇ ನಿಂತಿತು. ಮೆಣಸಿನ ಗಿಡ ಒಂದು ಹೂ ಬಿಟ್ಟು, ತಪ್ಪಾಯಿತೆಂಬಂತೆ ಅದನ್ನೂ ಉದುರಿಸಿತು.

ವಿಜಯಶ್ರೀ ದೀಪಾಲಿಗೆ ಫೋನು ಮಾಡಿದಳು. "ನಾ ಸ್ವೆಟರ್ ಹಾಕ್ಕೊಂಡು ಗಿಡಕ್ಕ ನೀರು ಹಾಕಾಕತ್ತೀನಿ, ದೀಪಾ."

"ಅಯ್ಯ, ಇಲ್ಲೆ ನಾವು ಬಿಸಿಲಿಗೆ ಬೆಂದು ಹೊಂಟೀವಿ. ಬದನಿಗೂ ಒಂದು ಸ್ವೆಟರ್ ಹಾಕು ಹಂಗಾರ."

ಗುರುಬಸವ್ವ ದಿನಾ ಒಮ್ಮೆ ಹೊರಗೆ ಬಂದು ಸೆರಗು ಹೊದ್ದು ನಿಂತು ಗಿಡ ನೋಡುತ್ತಿದ್ದರು. "ಇದು ಬದನಿ ಗಿಡ ಅಲ್ಲ ಬಿಡವಾ. ಬದನಿ ಗಿಡದ ಫೋಟೋ."

ಎಲ್ಲರೂ ನಕ್ಕರು. ವಿಜಯಶ್ರೀಯೂ ನಕ್ಕಳು. ಒಳಗೊಳಗೇ ಆಕೆಗೆ ಎಷ್ಟು ನೆಮ್ಮದಿಯಾಗಿತ್ತೆಂದರೆ, ಅದನ್ನು ಯಾರಾದರೂ ಮುಖದಲ್ಲಿ ಓದಿಬಿಟ್ಟಾರೆಂದು ಹೆದರಿಕೆಯಾಗುತ್ತಿತ್ತು. ಬೆಳೆಯದ ತೋಟ ಯಾರಿಗೂ ಬೇಡ. ಅದಕ್ಕೆ ಯಾರೂ ಕೈ ಚಾಚುವುದಿಲ್ಲ. ಬೆಳಿಗ್ಗೆ ಎದ್ದು ಕುಕ್ಕರು ಇಟ್ಟು, ತನ್ವಿಯ ಡಬ್ಬಿ ಕಟ್ಟಿ, ಎಲ್ಲರೂ ಏಳುವ ಮೊದಲಿನ ಗಡಿಬಿಡಿಯೆಲ್ಲ ಮುಗಿಸಿ, ಎಲ್ಲರೂ ಎದ್ದಮೇಲಿನ ಗಡಿಬಿಡಿ ಶುರುವಾಗುವ ಹೊತ್ತಿಗೆ ಸರಿಯಾಗಿ ಆಕೆ ಹೊರಗೆ ಜಾರಿಕೊಳ್ಳುತ್ತಿದ್ದಳು. ನಲ್ಲಿಗೆ ಪೈಪು ಸಿಕ್ಕಿಸಿ ನೀರು ಬಿಡುತ್ತಿದ್ದಳು. ಒಳಗೆ "ಅಮ್ಮ ಎಲ್ಲಿ?" ಎಂದು ಕೇಳಿದರೆ "ನೀರು ಹಾಕಾಕತ್ತಾಳ" ಎಂಬ ಉತ್ತರ ಸಿಗುತ್ತಿತ್ತು. ಆ ಉತ್ತರವೇ ಒಂದು ಗೋಡೆ. ಗೋಡೆಯ ಈಚೆ ನಿಂತು ಆಕೆ ಒಂದು ಯೋಚನೆಯನ್ನು ಮೊದಲಿನಿಂದ ಕೊನೆಯವರೆಗೆ ಯೋಚಿಸಬಹುದಾಗಿತ್ತು. ಅಂಥಾ ಘನವಾದ ಯೋಚನೆಗಳೇನಲ್ಲ. ಮಂಜಿನೊಳಗೆ ಕಾಣದೆ ಕೂಗುವ ಕಾಗೆ ಎಷ್ಟು ದೂರ ಇರಬಹುದು? ಪಿಯುಸಿಯಲ್ಲಿ ತನ್ನ ಪಕ್ಕ ಕೂರುತ್ತಿದ್ದ ಹುಡುಗಿಯ ಹೆಸರೇನು? ತುಂಡಾಗದ ಯೋಚನೆ ಎಂಬುದು ಹೇಗಿರುತ್ತದೆ ಎಂದು ಆಕೆಗೆ ಮರೆತೇಹೋಗಿತ್ತು.

ಇಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ದಿನಾ ನೀರು ಹಾಕುವವಳು ಏನನ್ನೂ ಬೆಳೆಯದಿದ್ದರೆ ಎಷ್ಟು ದಿನ ನಡೆದೀತು? ಆಗಸ್ಟಿನಲ್ಲಿ ಶಶಿಧರನೇ ಸುದ್ದಿ ಹೇಳಿದ, "ನೀರಿನ ಬಿಲ್ಲು ಏರೇತಿ ಅನಸ್ತೈತಿ." ವಿಜಯಶ್ರೀ ಹೆದರಿ ಬೆಂಡೆಯನ್ನು ಕಿತ್ತೊಗೆದಳು. ಅಡುಗೆಮನೆಯ ಡಬ್ಬಿಯಿಂದ ಒಂದು ಹಿಡಿ ಮೆಂತ್ಯ ತಂದು ಚೆಲ್ಲಿದಳು. ಕೊತ್ತಂಬರಿಯನ್ನೂ ಚೆಲ್ಲಲು ಹೋದಾಗ ಗುರುಬಸವ್ವ ಕೈ ಹಿಡಿದರು.

"ಹಂಗ ಹಾಕಿದ್ರ ಹುಟ್ಟೂದಿಲ್ಲ. ಕಾಳು ಒಡೀಬೇಕು." ಹಳೆಯ ಪೇಪರಿನ ಮೇಲೆ ಕಾಳು ಹರವಿ, ಕಾಲಿನ ಚಪ್ಪಲಿ ತೆಗೆದು, ಅದರ ತಳದಿಂದ ಹದವಾಗಿ ತಿಕ್ಕಿದರು. ಒಂದೊಂದು ಕಾಳೂ ಎರಡಾಯಿತು.

ತನ್ವಿ ಬಾಯಿ ಮುಚ್ಚಿಕೊಂಡಳು. "ಈವ್! ಅಜ್ಜಿ, ಇಟ್ ವಿಲ್ ಟೇಸ್ಟ್ ಲೈಕ್ ಶೂಸ್!"

"ಏನಂತಾಳಿದು?"

"ಚಪ್ಪಲಿ ವಾಸನಿ ಬರತೈತಿ ಅಂತಾಳ್ರಿ ಅತ್ತಿ."

"ಬರಲೇಳು. ಬೀಗರಿಗೆ ಬಡಸೂಣಂತ."

ಮೆಂತ್ಯಕ್ಕೆ ಈ ಚಳಿ ಹೇಳಿ ಮಾಡಿಸಿದಂತಿತ್ತು. ಬದನೆಯನ್ನು ಕೊಂದ ಮಂಜೇ ಮೆಂತ್ಯವನ್ನು ಸಾಕಿತು. ಒಂದು ವಾರದಲ್ಲಿ ಮಣ್ಣು ಹಸಿರಾಯಿತು, ಇನ್ನೆರಡು ವಾರದಲ್ಲಿ ಮಣ್ಣೇ ಕಾಣದಾಯಿತು. ಹಿಂದೆಯೇ ಕೊತ್ತಂಬರಿ. ಹಸಿ ಮೆಂತ್ಯದ ಸೊಪ್ಪು, ಜೋಳದ ರೊಟ್ಟಿ, ಶೇಂಗಾ ಚಟ್ನಿ ಹಾಕಿಕೊಂಡು ಕೂತ ಶಶಿಧರ ಮೊದಲ ತುತ್ತಿಗೇ ಕಣ್ಣು ಮುಚ್ಚಿದ. ಫೋಟೋ ತೆಗೆದ. ಕೊಲ್ಲಿಯ ಸೇತುವೆಯಾಚೆ ನೆವಾರ್ಕಿನ ತನ್ನ ಆಫೀಸಿನ ಕನ್ನಡಿಗರ ಗುಂಪಿಗೆಲ್ಲ ಕಳಿಸಿದ. ಮುಂದಿನ ಭಾನುವಾರಕ್ಕೆ ಎರಡು ಮನೆಯವರನ್ನು ಊಟಕ್ಕೆ ಕರೆದೂಬಿಟ್ಟ.

ರೊಟ್ಟಿ ಬಡಿದವಳು ವಿಜಯಶ್ರೀ, ಬೇರೆ ಹೇಳಬೇಕಿಲ್ಲ. ಊಟದ ಮೇಜಿನಲ್ಲಿ ಶಶಿಧರ, "ನಾವ ಬೆಳದದ್ದು. ಪೂರ್ತಿ ಆರ್ಗ್ಯಾನಿಕ್" ಎಂದಾಗಲೂ ಆಕೆಗೆ ಅಷ್ಟೇನೂ ಅನಿಸಲಿಲ್ಲ. ನಾವು ಅಂದುಕೊಳ್ಳಲಿ ಬಿಡು. ಸೊಪ್ಪು ಅವನದಾಗಲಿ, ಅರ್ಧ ಗಂಟೆ ತನ್ನದಿದ್ದರೆ ಸಾಕು. ಆದರೆ ಬಂದವರಲ್ಲಿ ಶೀತಲ್ ಎಂಬುವಳು, ಎರಡು ಸಣ್ಣ ಮಕ್ಕಳ ತಾಯಿ, ನಿಜವಾದ ಮರುಕದಿಂದ ಕೇಳಿದಳು. "ದಿನಾ ನೀರು ಹಾಕ್ತೀರಾ ವಿಜಯಶ್ರೀ? ಬೆಳಿಗ್ಗೆ ಆ ಗಲಾಟೇಲಿ? ನಿಮಗೆ ಟೈಮ್ ಆದ್ರೂ ಎಲ್ಲಿ ಸಿಗುತ್ತೆ?"

"ಅರ್ಧ ತಾಸು ಅಷ್ಟ" ಎಂದಳು ವಿಜಯಶ್ರೀ.

ಶಶಿಧರ ತುತ್ತು ಹಿಡಿದವನು ಹೆಂಡತಿಯ ಕಡೆ ನೋಡಿದ. ಹೊಸದಾಗಿ ನೋಡುವವನ ಹಾಗೆ ನೋಡಿದ. ಅರ್ಧ ತಾಸು, ದಿನಾ! ಆ ನೋಟದಲ್ಲಿ ಪ್ರೀತಿ ಇತ್ತು, ಅಪರಾಧಿ ಭಾವ ಇತ್ತು. ವಿಜಯಶ್ರೀಗೆ ಅದು ಅರ್ಥವಾಗಲಿಲ್ಲ, ಅರ್ಥವಾಗಿದ್ದರೆ ಆವತ್ತೇ ತಡೆಯುತ್ತಿದ್ದಳು.

ಮುಂದಿನ ಶನಿವಾರ ಆಕೆ ತನ್ವಿಯನ್ನು ಈಜಿನ ಕ್ಲಾಸಿಗೆ ಕರೆದುಕೊಂಡು ಹೋಗಿ, ಗ್ರೋಸರಿ ಮುಗಿಸಿಕೊಂಡು ಬರುವಷ್ಟರಲ್ಲಿ ಹಿತ್ತಲಲ್ಲಿ ಕರಿಯ ಸಣ್ಣ ಕೊಳವೆಗಳು ಹಾವಿನ ಮರಿಗಳ ಹಾಗೆ ಹರಡಿಕೊಂಡಿದ್ದವು. ಶಶಿಧರ ಪ್ಯಾಂಟಿನ ಮೊಣಕಾಲಿಗೆಲ್ಲ ಕೆಸರು ಮೆತ್ತಿಕೊಂಡು, ಚಳಿಗೆ ಮೂಗು ಕೆಂಪಾಗಿ, ಮಗುವಿನ ಹಾಗೆ ನಗುತ್ತ ನಿಂತಿದ್ದ. ನಲ್ಲಿಯ ಬಾಯಿಗೆ ಒಂದು ಬಿಳಿಯ ಡಬ್ಬಿ.

"ಡ್ರಿಪ್" ಎಂದ. "ಟೈಮರ್ ಐತಿ. ದಿನಾ ಮುಂಜಾನೆ ತಾನ ಚಾಲೂ ಆಗತೈತಿ, ತಾನ ಬಂದ್ ಆಗತೈತಿ. ಫೋನಿನಾಗ ಆ್ಯಪ್ ಐತಿ, ಮಳಿ ಬಂದ್ರ ಅದಕ್ಕ ತಾನ ತಿಳೀತೈತಿ. ಇನ್ನ ಮ್ಯಾಲೆ ನೀ ಕೈ ಹಚ್ಚೂದ ಬ್ಯಾಡ."

ವಿಜಯಶ್ರೀ ಎರಡೂ ಕೈಯಲ್ಲಿ ಚೀಲ ಹಿಡಿದು ನಿಂತಿದ್ದಳು.

"ಹೆಂಗೈತಿ?"

"ಛಲೋ ಐತಿ" ಎಂದಳು. ಇನ್ನೇನು ಹೇಳಬಹುದಿತ್ತು? ಹೆಂಡತಿಯ ದುಡಿಮೆ ಕಂಡದ್ದೇ ಅಪರೂಪಕ್ಕೆ ಅವನಿಗೆ. ಕಂಡದ್ದರಲ್ಲಿ ಅವನು ತೆಗೆದುಹಾಕಿದ್ದು ಅದೊಂದನ್ನು.

ಸೋಮವಾರ ಬೆಳಿಗ್ಗೆ ಆಕೆ ಎಂದಿನಂತೆ ಹೊರಗೆ ಹೋದಾಗ ಡಬ್ಬಿ ಟಿಕ್ ಎಂದು ನೀರು ಶುರುವಾಯಿತು. ಕೈಯಲ್ಲಿ ಪೈಪಿಲ್ಲದೆ ನಿಲ್ಲುವುದು ಹೇಗೆಂದು ತಿಳಿಯದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಒಳಗಿನಿಂದ ಗುರುಬಸವ್ವನ ದನಿ ಬಂತು.

"ವಿಜೂ, ನೀರು ತಾನ ಬರತೈತೆಲ್ಲ. ಹಂಗಾದ್ರ ನನಗೊಂದು ಬಿಸಿ ರೊಟ್ಟಿ ಬಡದು ಕೊಡವಾ, ಬ್ರೆಡ್ಡು ತಿಂದು ಬಾಯಿ ಕೆಟ್ಟೈತಿ."

ಮಂಗಳವಾರ ತನ್ವಿಗೆ ಊಟದ ಡಬ್ಬಿಗೆ ಬಿಸಿ ಪಾಸ್ತಾ ಬೇಕಾಯಿತು, ಎಲ್ಲರ ಅಮ್ಮಂದಿರೂ ಬೆಳಿಗ್ಗೆಯೇ ಮಾಡುತ್ತಾರಂತೆ. ಬುಧವಾರ ಶಶಿಧರ ಸುದ್ದಿ ಹೇಳಿದ, ಆಫೀಸಿನ ದಾರಿಯ ಸೇತುವೆಯ ಮೇಲೆ ಈಗೀಗ ಟ್ರಾಫಿಕ್ಕು ಬೇಗ ಶುರುವಾಗುತ್ತಿದೆ. ಅಂದರೆ ತನ್ವಿಯನ್ನು ಸ್ಕೂಲಿಗೆ ಬಿಡುವ ಕೆಲಸ ಇನ್ನು ವಿಜಯಶ್ರೀಯದು. ವಾರ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಹುಡುಕಿದರೂ ಸಿಗದ ಹಾಗೆ ಹಂಚಿಹೋಗಿತ್ತು. ಯಾರೂ ಕಸಿದುಕೊಂಡಿರಲಿಲ್ಲ. ಖಾಲಿ ಜಾಗ ಕಂಡಲ್ಲಿ ಜನ ಕೂರುತ್ತಾರೆ, ಹಾಗೆ.

ಆಕೆಗೆ ನಿದ್ದೆ ಕೆಟ್ಟಿತು. ಆಫೀಸಿನಲ್ಲಿ ಸ್ಕ್ರೀನಿನ ಮುಂದೆ ಕೂತಾಗ ಕಾಲು ತಾನಾಗಿ ಅಲ್ಲಾಡತೊಡಗಿತು. ಕಳೆ ಕೀಳಲು ಹೋದರೆ ಮೆಂತ್ಯ ಒತ್ತಾಗಿ ಬೆಳೆದು ಕಳೆಗೆ ಜಾಗವೇ ಇರಲಿಲ್ಲ. ಪೆಟ್ಟಿಗೆಯ ಅಂಚು ಒರೆಸಿದಳು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದಳು. "ಅಮ್ಮಾ, ದಟ್ಸ್ ಜಸ್ಟ್ ವುಡ್" ಎಂದಳು ಕಿಟಕಿಯಿಂದ ನೋಡಿದ ತನ್ವಿ.

ಒಂದು ಬೆಳಿಗ್ಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಬಿಳಿ ಡಬ್ಬಿಯ ಹಿಂದಿನ ನಲ್ಲಿಯನ್ನು ತಿರುಗಿಸಿ ನೀರು ನಿಲ್ಲಿಸಿಬಿಟ್ಟಳು.

ಡಬ್ಬಿ ದಿನಾ ಟಿಕ್ ಎನ್ನುತ್ತಿತ್ತು. ಆ್ಯಪು ನೀರು ಬಿಟ್ಟಾಯಿತು ಎನ್ನುತ್ತಿತ್ತು. ನೀರು ಮಾತ್ರ ಇರಲಿಲ್ಲ. ವಿಜಯಶ್ರೀಯ ಲೆಕ್ಕ ಸರಳ: ಯಂತ್ರ ಕೈಕೊಟ್ಟಿತು ಎಂದರೆ ಪೈಪು ಮತ್ತೆ ತನ್ನ ಕೈಗೆ ಬರುತ್ತದೆ. ಆದರೆ ಅದೇ ವಾರ ಮಂಜು ದೂರ ಸರಿಯಿತು. ಸೆಪ್ಟೆಂಬರಿನಲ್ಲಿ ಈ ಗುಡ್ಡಕ್ಕೆ ನಾಲ್ಕು ದಿನ ಬಿಸಿಲು ಬರುತ್ತದೆಂಬ ಸಂಗತಿಯನ್ನು ಯಾರೂ ಆಕೆಗೆ ಹೇಳಿರಲಿಲ್ಲ. ಶನಿವಾರದ ಹೊತ್ತಿಗೆ ಮೆಂತ್ಯದ ತುದಿಗಳು ಜೋತುಬಿದ್ದಿದ್ದವು. ಶಶಿಧರ ಮೊಣಕಾಲೂರಿ ಕೂತು ಕೊಳವೆಗಳನ್ನು ಒಂದೊಂದಾಗಿ ಬಿಚ್ಚಿ ಊದುತ್ತಿದ್ದ. ಬ್ಯಾಟರಿ ಬದಲಿಸಿದ. ಯಾವುದೋ ವಿಡಿಯೋ ನೋಡಿದ. ಹೊಸ ಟೈಮರು ತರಿಸುತ್ತೇನೆ ಎಂದ. ನಲ್ಲಿಯನ್ನು ಮಾತ್ರ ಮುಟ್ಟಲಿಲ್ಲ. ಅಷ್ಟು ಸರಳವಾದದ್ದು ತಪ್ಪಿರಬಹುದೆಂದು ಅವನ ತಲೆಗೆ ಹೊಳೆಯಲಿಲ್ಲ.

ಬೇರೆಯವರ ತಪ್ಪು ಹುಡುಕುವುದೇ ಉದ್ಯೋಗವಾದ ವಿಜಯಶ್ರೀ ಕಿಟಕಿಯಲ್ಲಿ ನಿಂತು ಪಾತ್ರೆ ಒರೆಸುತ್ತ ನೋಡುತ್ತಿದ್ದಳು. ತನ್ನ ಅರ್ಧ ಗಂಟೆಯನ್ನು ತಾನೇ ಕಳ್ಳತನದಿಂದ ಪಡೆಯಬೇಕಾದ ಸ್ಥಿತಿ ನೆನೆದು ಮೈ ಉರಿಯಿತು. ಸಾಯುತ್ತಿದ್ದ ಸೊಪ್ಪನ್ನು ನೋಡಲಾಗಲಿಲ್ಲ. ಪಾತ್ರೆ ಕೆಳಗಿಟ್ಟು ಹೊರಗೆ ಹೋದಳು.

"ಇದ್ಯಾಕ ಹಿಂಗಾಗೈತಿ ತಿಳೀವಲ್ದು ನೋಡು" ಎಂದ ಶಶಿಧರ ತಲೆಯೆತ್ತದೆ.

"ನಳ ಬಂದ್ ಐತಿ. ನಾನ ಬಂದ್ ಮಾಡೀನಿ."

ಅವನು ಅರ್ಥವಾಗದೆ ನೋಡಿದ. "ತಪ್ಪಿ?"

"ಬೇಕಂತ."

"ಯಾಕ?"

"ಇದು ಬಂದಮ್ಯಾಲೆ ನನ್ನ ಕೆಲಸ ಹೋತು."

"ಕೆಲಸ ಹೋಗಲಿ ಅಂತನ ಹಚ್ಚಿದ್ದಲ್ಲ, ವಿಜೂ?"

"ಅದು ಕೆಲಸ ಆಗಿರಲಿಲ್ಲರೀ."

"ಮತ್ತೇನಾಗಿತ್ತು?"

ಆಕೆ ಜೋತುಬಿದ್ದ ಮೆಂತ್ಯದ ಒಂದು ತುದಿಯನ್ನು ಬೆರಳಿನಿಂದ ಎತ್ತಿ ಹಿಡಿದಳು. ಕೊನೆಗೆ ಹೇಳಿದಳು, "ಇಲ್ಲೆ ನಿಂತಾಗ ಯಾರೂ ಕರೀತಿರಲಿಲ್ಲ."

ಶಶಿಧರ ಕೈಯಲ್ಲಿದ್ದ ಕೊಳವೆ ಕೆಳಗಿಟ್ಟ. ಅವನಿಗೆ ನಿಜವಾಗಿಯೂ ನೋವಾಗಿತ್ತು. "ಕೂಡಬ್ಯಾಡ ಅಂತ ಯಾರರ ಅಂದಾರೇನು ನಿನಗ? ನಾ ಅಂದೀನೇನು? ಅವ್ವ ಅಂದಾಳೇನು?"

"ಯಾರೂ ಅಂದಿಲ್ಲ."

"ಮತ್ತ? ಕುಂಡ್ರಬೇಕಿಲ್ಲೇನು? ಅದಕ್ಕ ಒಂದು ತೋಟ ಬೇಕಾತೇನು?"

ಬೇಕಾಯಿತು, ಎಂದು ಹೇಳಬೇಕೆನಿಸಿತು ಆಕೆಗೆ. ತೋಟ ಬೇಕಾಯಿತು, ಸತ್ತ ಬದನೆಗೆ ಮೂರು ತಿಂಗಳು ನೀರು ಹಾಕಬೇಕಾಯಿತು. ಬೇಡ ಅಂದಿದ್ದರೆ ಜಗಳವಾಡಬಹುದಿತ್ತು. ಬೇಡ ಅನ್ನದವರ ಜೊತೆ ಹೇಗೆ ಜಗಳವಾಡುವುದು?

ಅಷ್ಟರಲ್ಲಿ ಶಶಿಧರನ ಮುಖ ಬೆಳಗಿತು. ಕೆಸರಿನ ಬೆರಳು ಪ್ಯಾಂಟಿಗೆ ಒರೆಸಿಕೊಂಡು ಫೋನು ತೆಗೆದ, ಏನೋ ಒತ್ತಿದ. ವಿಜಯಶ್ರೀಯ ಸ್ವೆಟರಿನ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು.

"ಕ್ಯಾಲೆಂಡರಿನಾಗ ಹಾಕೀನಿ. 'ವಿಜೂ ಟೈಮ್.' ದಿನಾ ಮುಂಜಾನೆ ಅರ್ಧ ತಾಸು. ಆಗ ನಾ ನೋಡ್ಕೋತೀನಿ ಮನಿ. ಆ್ಯಕ್ಸೆಪ್ಟ್ ಒತ್ತು."

ಆಕೆ ಫೋನು ನೋಡಿದಳು. ಅದರ ಮೇಲೆ ಆಕೆಯ ಹೆಸರು, ಪಕ್ಕದಲ್ಲಿ ಒಂದು ಸಣ್ಣ ಹಸಿರು ಗೆರೆ. ಇದನ್ನೂ ನಾನೇ ಒತ್ತಬೇಕು, ಅಂದುಕೊಂಡಳು. ಸಿಟ್ಟು ಬರಬೇಕಿತ್ತು, ನಗು ಬಂತು. ಹೆಂಡತಿ ನಕ್ಕದ್ದು ನೋಡಿ ಎಲ್ಲ ಸರಿಹೋಯಿತೆಂದು ಅವನೂ ನಕ್ಕ. ಆಕೆ ಏನನ್ನೂ ಒತ್ತದೆ ಫೋನು ಜೇಬಿಗೆ ಹಾಕಿ, ಬಗ್ಗಿ ನಲ್ಲಿ ತಿರುಗಿಸಿದಳು. ಬಾಯಾರಿದ ಮಣ್ಣು ಸದ್ದು ಮಾಡುತ್ತ ಕುಡಿಯಿತು.

ಸೋಮವಾರ ಮಂಜು ತಿರುಗಿ ಬಂದಿತ್ತು. ಡಬ್ಬಿ ಟಿಕ್ ಎನ್ನುವ ಹೊತ್ತಿಗೆ ವಿಜಯಶ್ರೀ ಊಟದ ಮೇಜಿನ ಒಂದು ಕುರ್ಚಿಯನ್ನು ಎತ್ತಿಕೊಂಡು ಹೊರಗೆ ಹೋದಳು. ಕೈಯಲ್ಲಿ ಪೈಪಿಲ್ಲ, ಕಳೆ ತೆಗೆಯುವ ಕುರ್ಪಿಯಿಲ್ಲ, ಚಹಾ ಕೂಡ ಇಲ್ಲ. ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿ ಕೂತಳು.

ಕೂರುವುದು ಇಷ್ಟು ಕಷ್ಟ ಎಂದು ಆಕೆಗೆ ತಿಳಿದಿರಲಿಲ್ಲ. ಬೆನ್ನಿಗೆ ಕಿವಿ ಮೂಡಿದಂತಿತ್ತು. ಕುಕ್ಕರಿನ ಸೀಟಿ, ತನ್ವಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡದ್ದು, ಮೈಕ್ರೋವೇವು ಕೂಗಿ ಕೂಗಿ ಸುಮ್ಮನಾದದ್ದು ಎಲ್ಲ ಬೆನ್ನಿಗೆ ಬಂದು ತಾಗುತ್ತಿತ್ತು. ಮೆಂತ್ಯದ ಅಂಚಿನಲ್ಲಿ ಒಂದು ಎಳೆ ಹುಲ್ಲು ಕಂಡಿತು. ಕೈ ತಾನಾಗಿ ಅದರ ಕಡೆ ಹೊರಟಿತು. ಹಿಂದಕ್ಕೆ ಎಳೆದುಕೊಂಡಳು. ಮತ್ತೆ ಹೊರಟಿತು. ಕೊನೆಗೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು, ಅವುಗಳ ಮೇಲೆ ಕೂತಳು.

"ಅಮ್ಮಾ! ವೇರ್ ಆರ್ ಮೈ ಸಾಕ್ಸ್?"

"ಅಮ್ಮನ್ನ ಕರೀಬ್ಯಾಡ, ಆಕಿ ಟೈಮ್ ಐತಿ. ನಾ ಹುಡುಕತೀನಿ" ಎಂದ ಶಶಿಧರ. ಬೀರುವಿನ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಇನ್ನೊಂದು ಬಾಗಿಲು. "ವಿಜೂ, ಒಂದ ಮಿನಿಟು..."

ಹಿಂದೆ ಹೆಜ್ಜೆ ಸಪ್ಪಳವಾಯಿತು. ಗುರುಬಸವ್ವ ಶಾಲು ಹೊದ್ದು ಬಾಗಿಲಿಗೆ ಬಂದಿದ್ದರು.

"ಏನ್ ಮಾಡಾಕತ್ತೀ?"

"ಕುಂತೀನ್ರಿ."

"ಕೈಯಾಗ ಏನೂ ಇಲ್ಲಲ್ಲ."

"ಇಲ್ರಿ."

ಗುರುಬಸವ್ವ ಕುರ್ಚಿ ನೋಡಿದರು. ನೀರು ನೋಡಿದರು. ಸೊಸೆಯ ತೊಡೆಯ ಕೆಳಗೆ ಸಿಕ್ಕಿಕೊಂಡ ಕೈಗಳನ್ನು ಬಹಳ ಹೊತ್ತು ನೋಡಿದರು. ಈಗ ಬರುತ್ತದೆ "ಹಂಗಾದ್ರ" ಎಂದು ವಿಜಯಶ್ರೀ ಮೈ ಬಿಗಿಹಿಡಿದಳು. ಅತ್ತೆಯ ತುಟಿ ಅದಕ್ಕೇ ತೆರೆದಿತ್ತು ಕೂಡ. ತೆರೆದದ್ದು ಹಾಗೆಯೇ ನಿಂತಿತು. ನಲವತ್ತು ವರ್ಷ ಒಂದೇ ಮಾತಿಗೆ ಪಳಗಿದ ಬಾಯಿ, ಬೇರೆ ಮಾತಿಗೆ ತಡಕಾಡುತ್ತಿತ್ತು.

"ಮೈ ಥಂಡಿ ಹತ್ತೀತು" ಎಂದರು. ಆಮೇಲೆ ಒಳಗೆ ತಿರುಗಿ, ಮಗನಿಗೆ ಕೇಳುವಷ್ಟು ಗಟ್ಟಿಯಾಗಿ, "ಶಶೀ, ಆಕಿ ಕುಂತಾಳ. ನೀವ ಹುಡುಕ್ರಿ!"

"ಅವ್ವಾ, ನಿನಗರ ಗೊತ್ತೈತೇನು ಎಲ್ಲಿ ಇಡ್ತಾಳಂತ?"

"ಗೊತ್ತೈತಿ. ಹೇಳಂಗಿಲ್ಲ."

ಅವರು ಒಳಗೆ ಹೋದರು. ಮಂಜಿನಲ್ಲಿ ಎಲ್ಲೋ ಒಂದು ಕಾರು ಇಳಿಜಾರಿನಲ್ಲಿ ಇಳಿದುಹೋಯಿತು. ಒಳಗೆ ಡ್ರಾಯರು ಎಳೆದ ಸದ್ದಾಯಿತು. ಕೀಂಯ್ ಎಂದು ಕೂಗಿದ್ದರಿಂದ ಅದು ಕೆಳಗಿನ ಡ್ರಾಯರು, ತನ್ವಿಗೆ ಸಣ್ಣದಾದ ಬಟ್ಟೆ ಇರುವುದು ಎಂದು ವಿಜಯಶ್ರೀಗೆ ಹೊರಗಿನಿಂದಲೇ ತಿಳಿಯಿತು. ಅದಲ್ಲ, ಅದರ ಮೇಲಿನದು. ಮಾತು ನಾಲಿಗೆಯ ತುದಿಗೆ ಬಂತು. ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಇನ್ನೊಂದು ಡ್ರಾಯರು ತೆರೆಯುವ ಸದ್ದಿಗೆ ಕಾಯುತ್ತ ಕೂತಳು.